ಮೌಶಿಯ ಕಂಪ್ಯೂಟರು ಮತ್ತು ಬರಿಗಲ್ಲು

ನಮ್ಮ ಬಳಗದಲ್ಲಿ ಯಾರ ಮನೆಯ ಕಂಪ್ಯೂಟರು ಮುನಿಸಿಕೊಂಡರೂ ಫೋನು ಬರುವುದು ನನಗೆ. ನಾನು ಬೆಳಗಾವಿಯ ಟಿಳಕವಾಡಿಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುತ್ತೇನೆ ಎಂಬುದು ನಿಜ. ಹಾಗಂತ ಅದರ ಹೊಟ್ಟೆಯೊಳಗಿನದೆಲ್ಲ ನನಗೆ ಗೊತ್ತಿರಬೇಕೆಂದೇನೂ ಇಲ್ಲ. ದಿನವಿಡೀ ಬಸ್ಸಿನಲ್ಲಿ ಓಡಾಡುವವರನ್ನು ಯಾರೂ ಎಂಜಿನ್ ಬಿಚ್ಚಲು ಕರೆಯುವುದಿಲ್ಲವಲ್ಲ. ಈ ಮಾತನ್ನು ಎಲ್ಲರಿಗೂ ಹೇಳಿ ನೋಡಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಬೈದುಕೊಳ್ಳುತ್ತಲೇ ಹೋಗುತ್ತೇನೆ, ಹೇಗೋ ಸರಿ ಮಾಡಿ ಬರುತ್ತೇನೆ, ಹಾಗಾಗಿ ಮುಂದಿನ ಸಲವೂ ನನ್ನನ್ನೇ ಕರೆಯುತ್ತಾರೆ.

ಖಾನಾಪುರದ ಮೌಶಿ ಮಾತ್ರ ಸುಮ್ಮಸುಮ್ಮನೆ ಕರೆಯುವವಳಲ್ಲ. ಅವಳು ನನ್ನ ಅವ್ವನ ತಂಗಿ, ನಂದಗಡದ ಕನ್ನಡ ಶಾಲೆಯಲ್ಲಿ ಟೀಚರು. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಖಾನಾಪುರದ ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ ಇಬ್ಬರೇ. ಆ ಅತ್ತೆಯನ್ನು ನಾವೆಲ್ಲ ಆಯಿ ಎನ್ನುತ್ತೇವೆ. ಆಯಿಗೆ ವಯಸ್ಸೆಷ್ಟು ಎಂದು ಆಯಿಗೂ ಗೊತ್ತಿಲ್ಲ. ಕೆಲವು ವರ್ಷಗಳಿಂದ ಮರೆವು ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ಸೊಸೆಯ ಮುಖವನ್ನೇ ನೋಡಿ, "ನೀ ಯಾರ ಪೈಕಿ ಆಗಬೇಕವ್ವಾ?" ಎಂದು ಮರ್ಯಾದೆಯಿಂದ ಕೇಳುತ್ತಾಳೆ. ಆದರೆ ಬೆಳಿಗ್ಗೆ ಎದ್ದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಚಹಾ ಕುಡಿದ ಮೇಲೆ ಸ್ವಲ್ಪ ಹೊತ್ತು ಆಯಿ ಪೂರ್ತಿ ಆಯಿಯೇ ಆಗಿರುತ್ತಾಳೆ. ಆ ಹೊತ್ತಿನಲ್ಲಿ ಅವಳಿಗೆ ಬೀಸುವ ಪದಗಳು ನೆನಪಿಗೆ ಬರುತ್ತವೆ.

ಹಿಂದೆ ನಸುಕಿನಲ್ಲೆದ್ದು ಜೋಳ ಬೀಸುತ್ತ ಹೆಂಗಸರು ಹಾಡುತ್ತಿದ್ದ ಪದಗಳು ಅವು. ಆಯಿಯ ಬಾಯಲ್ಲಿ ಒಂದು ಸಾಲು ಕನ್ನಡವಾದರೆ ಮುಂದಿನದು ಮರಾಠಿ, ಮತ್ತೆ ಕನ್ನಡ. ಅಣ್ಣ ಕರೆಯಲು ಬರುವುದು, ಅತ್ತೆ ಕಳಿಸದೆ ಇರುವುದು, ಹೊಳೆ ತುಂಬಿ ಅಣ್ಣ ಆಚೆ ದಂಡೆಯಲ್ಲೇ ನಿಂತುಬಿಡುವುದು, ಇಂಥ ಸುದ್ದಿಗಳು. ಆಯಿ ಇವುಗಳನ್ನೆಲ್ಲ ತನ್ನೊಳಗೇ ಇಟ್ಟುಕೊಂಡು ಮರೆತುಹೋಗಬಾರದು ಎಂದು ಮೌಶಿಗೆ ಆಸೆ. ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಲು ನೋಡಿದಳು. ಫೋನು ಮುಂದೆ ಹಿಡಿದರೆ ಆಯಿ ಹಾಡುವುದನ್ನು ಬಿಟ್ಟು, "ಆರಾಮ ಅದೀರೇನ್ರಿ? ಅಲ್ಲೆ ಮಳಿ ಹೆಂಗೈತಿ?" ಎಂದು ಅದರೊಳಗಿರುವವರ ಯೋಗಕ್ಷೇಮ ವಿಚಾರಿಸತೊಡಗುತ್ತಿದ್ದಳು. ಅಷ್ಟು ಹೊತ್ತಿಗೆ ನಾನು ಹೊಸ ಲ್ಯಾಪ್‌ಟಾಪ್ ತಗೊಂಡಿದ್ದೆ. ನನ್ನ ಹಳೆಯ ಕಂಪ್ಯೂಟರನ್ನು, ಅದರ ದೊಡ್ಡ ಡಬ್ಬ, ಮಾನಿಟರು, ಸ್ಪೀಕರುಗಳ ಸಮೇತ, ಮೌಶಿಗೆ ಕೊಟ್ಟುಬಿಟ್ಟೆ. ಪಡಸಾಲೆಯಲ್ಲಿ ಆಯಿಯ ಮಂಚದ ಕಾಲ್ದೆಸೆಗೆ ಒಂದು ಟೇಬಲ್ ಹಾಕಿ ಕೂಡಿಸಿದೆವು. ಕೀಬೋರ್ಡಿನ ಪಕ್ಕದಲ್ಲಿ ಒಂದು ಸಣ್ಣ ಮೈಕು ಇಟ್ಟೆವು.

ಆಮೇಲೆ ನಡೆದದ್ದನ್ನು ನಾವ್ಯಾರೂ ಎಣಿಸಿರಲಿಲ್ಲ. ಆಯಿ ಒಂದು ದಿನ ತನ್ನಷ್ಟಕ್ಕೆ ಗುನುಗಿದ್ದನ್ನು ಮೌಶಿ ಗೊತ್ತಾಗದಂತೆ ಹಿಡಿದಿಟ್ಟುಕೊಂಡು, ಮರುದಿನ ಬೆಳಿಗ್ಗೆ ಸ್ಪೀಕರಿನಲ್ಲಿ ಹಚ್ಚಿದಳು. ಆಯಿ ತನ್ನದೇ ದನಿಯನ್ನು ಕೇಳಿ ಕಿವಿ ನಿಮಿರಿಸಿದಳು. ಅದು ತಾನು ಎಂದು ಅವಳಿಗೆ ಹೊಳೆಯಲೇ ಇಲ್ಲ. ಬೀಸುವ ಕಲ್ಲಿಗೆ ಎದುರುಬದುರು ಇಬ್ಬರು ಕೂರುತ್ತಾರೆ, ಒಬ್ಬಳು ಪದ ಎತ್ತಿದರೆ ಇನ್ನೊಬ್ಬಳು ಹಿಡಿಯಬೇಕು, ಒಬ್ಬಳೇ ಕೂತು ಹಾಡುವ ಹಾಡಲ್ಲ ಅದು. ಇಷ್ಟು ವರ್ಷ ಆಯಿ ಸುಮ್ಮನಿದ್ದದ್ದು ಎದುರಿಗೆ ಆ ಇನ್ನೊಬ್ಬಳು ಇರಲಿಲ್ಲವೆಂದೇ ಇರಬೇಕು. "ಆಕಿ ಚಲೋ ಎತ್ತಿದ್ಲು. ಖರೇ ನಡುವ ಒಂದ ನುಡಿ ಬಿಟ್ಲು ನೋಡ," ಎಂದು, ಬಿಟ್ಟುಹೋದ ನುಡಿಯನ್ನು ತಾನೇ ಹಾಡಿ, ಅಲ್ಲಿಂದ ಮುಂದಕ್ಕೂ ಹಾಡಿದಳು. ಮೌಶಿ ಮೈಕು ಹಚ್ಚಿದಳು. ಅಂದಿನಿಂದ ಅದೇ ರೂಢಿಯಾಯಿತು. ನಿನ್ನೆಯ ಆಯಿ ಪದ ಎತ್ತುವುದು, ಇವತ್ತಿನ ಆಯಿ ತಪ್ಪು ತಿದ್ದಿ ಮುಂದೆ ಒಯ್ಯುವುದು. ಹಾಡು ಮುಗಿದ ಮೇಲೆ ಮೌಶಿ ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು, ಆಯಿಯನ್ನು ಬಾಜು ಮನೆಯ ಹೆಂಗಸಿಗೆ, ಎಲ್ಲರೂ ಬಾಯಿ ಎಂದು ಕರೆಯುವವಳಿಗೆ, ಒಪ್ಪಿಸಿ ನಂದಗಡದ ಬಸ್ಸು ಹಿಡಿಯುತ್ತಿದ್ದಳು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಮೌಶಿಯ ಫೋನು ಬಂತು. ಮಾತಿನಲ್ಲಿ ಗಡಿಬಿಡಿಯಿತ್ತು.

"ಇದು ದಿನಾ ಚಾಲೂ ಮಾಡಿದ ಕೂಡ್ಲೆ ತಪಾಸಣಿಗೆ ಕುಂದರತೈತಿ ನೋಡ. ಕರೇ ಪರದೆ, ಬಿಳೇ ಅಕ್ಷರ. ಡಿಸ್ಕ್ ಚೆಕ್ಕಿಂಗ್ ಅಂತ. ಪರ್ಸೆಂಟ್ ಏರತೈತಿ, ಅಲ್ಲೇ ನಿಲ್ಲತೈತಿ, ಮತ್ತ ಏರತೈತಿ. ಅದು ಮುಗಿಯೂದ್ರಾಗ ನನ್ನ ಬಸ್ ಬರತೈತಿ."

"ಮುಗಿಯೂತನಾ ಕಾಯಬ್ಯಾಡ ಮೌಶಿ. ಶುರೂಕ ಯಾವುದರೆ ಒಂದ ಕೀ ಒತ್ತು, ಬಿಟ್ಟಬಿಡತೈತಿ."

"ಪರದೆ ಬೆಳಕಾಗೂದ್ರಾಗ ಅದು ಶುರೂ ಆಗಿ ಹೋಗಿರತೈತಿ. ನಡುವ ಎಬ್ಬಸಾಕ ನನಗ ಅಂಜಿಕಿ. ಪದ ಎಲ್ಲಾ ಅದರಾಗ ಅದಾವ."

ಹಳೆಯ ಮಾನಿಟರು ಎಚ್ಚರವಾಗಲು ತಡಮಾಡುತ್ತದೆ ಎಂಬುದು ನನಗೆ ಗೊತ್ತಿತ್ತು. ಕೀ ಒತ್ತಲು ಕೊಡುವ ನಾಲ್ಕಾರು ಸೆಕೆಂಡು ಆ ಕತ್ತಲಲ್ಲೇ ಕಳೆದುಹೋಗುತ್ತದೆ. ಮೌಶಿ ಆಮೇಲೆ ಹೇಳಬೇಕಾದ್ದನ್ನು ಹೇಳಿದಳು.

"ಅತ್ತಿಯವರು ಎದ್ದ ಕುಂತಿರತಾರ. ಆಕಿ ಇನ್ನಾ ಬಂದಿಲ್ಲೇನು, ಆಕಿ ಇನ್ನಾ ಬಂದಿಲ್ಲೇನು ಅಂತ ಕೇಳತಾರ. ಆಮ್ಯಾಲ ಮಕ್ಕೊಂಡ ಬಿಡತಾರ. ಎಂಟ ದಿನ ಆತು, ಒಂದ ಪದ ಆಗಿಲ್ಲ. ನಿನ್ನೆ ಮುಂಜಾನಿನೂ ನನಗ ನೀ ಯಾರಂದ್ರು."

ಆಯಿಯ ಬೆಳಗಿನ ಆ ಸ್ವಲ್ಪ ಹೊತ್ತನ್ನು ಆ ದರಿದ್ರ ಡಬ್ಬ ಕೂತು ತಿನ್ನುತ್ತಿತ್ತು. ಅದು ನಾನೇ ಕೊಟ್ಟ ಡಬ್ಬ ಬೇರೆ.

ಬೂಟ್ ಆಗುವಾಗ ಈ ಡಿಸ್ಕನ್ನು ತಪಾಸಣೆ ಮಾಡಬೇಡ ಎಂದು ಕಂಪ್ಯೂಟರಿಗೆ ಹೇಳಲು ಒಂದೇ ಸಾಲಿನ ಆಜ್ಞೆಯಿದೆ. ಫೋನಿನಲ್ಲೇ ಅಕ್ಷರ ಅಕ್ಷರ ಹೇಳಿ ಮೌಶಿಯಿಂದ ಟೈಪ್ ಮಾಡಿಸಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ತಡೆದುಕೊಂಡೆ. ಜ್ವರದ ಕಡ್ಡಿಯನ್ನು ಕಿಟಕಿಯಿಂದ ಆಚೆ ಎಸೆದರೆ ಜ್ವರವೇನೂ ಇಳಿಯುವುದಿಲ್ಲ. ಡಿಸ್ಕೇ ಕೆಟ್ಟುಹೋಗುತ್ತಿದ್ದು, ನಾನು ಅದರ ಬಾಯಿ ಮುಚ್ಚಿಸಿ ಕೂತರೆ, ಒಂದು ದಿನ ಪದಗಳೆಲ್ಲ ಒಟ್ಟಿಗೇ ಮಾಯವಾಗುತ್ತವೆ. ಬೆಳಗಾವಿ ಕೋಟೆಯ ಹತ್ತಿರದ ಕಂಪ್ಯೂಟರು ರಿಪೇರಿಯವರೊಬ್ಬರನ್ನು ಕೇಳಿದೆ. ಅವರು ತಲೆಯೆತ್ತದೆ, "ಡಿಸ್ಕ್ ಹೋಗೈತ್ರಿ, ಹೊಸಾದ ಹಾಕೂಣು, ತಗೊಂಡ ಬರ್ರಿ," ಎಂದರು. ನೋಡದೆಯೇ ಹೇಳಿಬಿಟ್ಟರಲ್ಲ ಎಂದು ಸಿಟ್ಟು ಬಂತು, ಹೆದರಿಕೆಯೂ ಆಯಿತು. ಶನಿವಾರ ಸಂಜೆ ಒಂದು ಪೆನ್ ಡ್ರೈವು, ಆಯಿಯ ಕೆಮ್ಮಿಗೆ ಒಂದು ಪೊಟ್ಟಣ ಶುಂಠಿಯ ಆಲೇಪಾಕ ಚೀಲಕ್ಕೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದೆ.

ರವಿವಾರ ಪೂರ್ತಿ ಅದರ ಮುಂದೆಯೇ ಹೋಯಿತು. ಮೊದಲು ಪದಗಳನ್ನೆಲ್ಲ ಪೆನ್ ಡ್ರೈವಿಗೆ ಇಳಿಸಿದೆ. ಆಮೇಲೆ ತಪಾಸಣೆಯನ್ನು ತಡೆಯದೆ, ತುದಿಯವರೆಗೂ ಓಡಲು ಬಿಟ್ಟೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಆಯಿ ಮಂಚದ ಮೇಲೆ ಕೂತು ಆಲೇಪಾಕ ಚೀಪುತ್ತ, ಏರುವ ಅಂಕಿಗಳನ್ನೂ ನನ್ನನ್ನೂ ಬಾರಿಬಾರಿಗೆ ನೋಡುತ್ತಿದ್ದಳು. ಕೊನೆಗೆ ಬಂದ ವರದಿಯಲ್ಲಿ ಕೆಟ್ಟ ಜಾಗ ಒಂದೂ ಇರಲಿಲ್ಲ. ಡಿಸ್ಕು ಗಟ್ಟಿಮುಟ್ಟಾಗಿತ್ತು. ರಿಪೇರಿಯವರ ಮೇಲೆ ಇನ್ನೊಮ್ಮೆ ಸಿಟ್ಟು ಬಂತು.

ಹಾಗಾದರೆ ದಿನಾ ತಪಾಸಣೆ ಯಾಕೆ? ಕಂಪ್ಯೂಟರನ್ನು ರೀತಿ ಪ್ರಕಾರ ಮುಚ್ಚದೆ, ನಡುವೆಯೇ ಕರೆಂಟು ಹೋದರೆ, ಕೆಲಸ ಅರ್ಧಕ್ಕೆ ನಿಂತಿದೆ ಎಂಬ ಒಂದು ಗುರುತು ಡಿಸ್ಕಿನ ಮೇಲೆ ಉಳಿದುಬಿಡುತ್ತದೆ. ಮರುದಿನ ಚಾಲೂ ಆಗುವಾಗ ಆ ಗುರುತು ಕಂಡರೆ, ಏನು ಹಾಳಾಗಿದೆಯೋ ನೋಡೋಣ ಎಂದು ಅದು ತಪಾಸಣೆಗೆ ಕೂರುತ್ತದೆ. ಇದು ಒಂದು ದಿನ ಆಗಬಹುದು, ಎರಡು ದಿನ ಆಗಬಹುದು. ದಿನಾ ಆಗುತ್ತಿದೆ ಎಂದರೆ ದಿನಾ ಯಾರೋ ನಡುವೆಯೇ ಕರೆಂಟು ತೆಗೆಯುತ್ತಿದ್ದಾರೆ.

"ಮೌಶಿ, ನೀ ಖರೇ ಶಟ್‌ಡೌನ್ ಮಾಡ್ತೀಯೋ, ಇಲ್ಲಾ ಸೀದಾ ಗುಂಡಿ ಬಂದ್ ಮಾಡ್ತೀಯೋ?"

ಮೌಶಿಯ ಮುಖ ಕೆಂಪಗಾಯಿತು. "ನೀ ಹೇಳಿಕೊಟ್ಟಂಗ ಮಾಡ್ತೀನಿ. ಮೂವತ್ತ ವರ್ಷ ಮಕ್ಕಳಿಗೆ ಕಲಸೀನಿ, ನನಗ ಇಷ್ಟ ತಿಳಿಯೂದಿಲ್ಲೇನು?"

ಸೋಮವಾರ ಆಫೀಸಿಗೆ ತಡವಾಗಿ ಬರುತ್ತೇನೆಂದು ತಿಳಿಸಿ ಅಲ್ಲೇ ಉಳಿದೆ. ಬೆಳಿಗ್ಗೆ ಕಂಪ್ಯೂಟರು ತಕರಾರಿಲ್ಲದೆ ಎದ್ದಿತು. ರವಿವಾರ ನಾನೇ ಪಕ್ಕದಲ್ಲಿ ನಿಂತು ಮುಚ್ಚಿದ್ದೆನಲ್ಲ. ಮೌಶಿ ಹಳೆಯ ಪದವೊಂದನ್ನು ಹಚ್ಚಿದಳು. ಆಯಿ ಮಂಚದ ಮೇಲೆ ಒಂದು ಕಾಲು ಮಡಚಿ, ಇನ್ನೊಂದನ್ನು ಚಾಚಿ, ಕಲ್ಲಿನ ಮುಂದೆ ಕೂತಂತೆ ಕೂತಳು. "ಬಂದ್ಲು," ಎಂದಳು. ಬಲಗೈ ತಾನಾಗಿ ಗಾಳಿಯಲ್ಲಿ ಗೂಟ ಹಿಡಿದು ತಿರುಗತೊಡಗಿತು. ಸ್ಪೀಕರಿನ ದನಿ ನಿಂತ ಕಡೆ ಇವಳು ಹಿಡಿದಳು. ಗಂಟಲು ಒಡೆದಿತ್ತು, ಉಸಿರು ಸಾಲದೆ ನಡುವೆ ತಡೆಯುತ್ತಿತ್ತು, ಆದರೂ ನುಡಿ ಮಾತ್ರ ಒಂದೂ ಜಾರಲಿಲ್ಲ. ಮೌಶಿ ಮೈಕಿನ ಮೇಲೆ ಕಣ್ಣಿಟ್ಟು ಅಲ್ಲಾಡದೆ ಕೂತಿದ್ದಳು. ನನಗೆ ಅಳು ಬಂತು, ಕಿಟಕಿಯ ಕಡೆ ತಿರುಗಿ ಕೂತೆ.

ಹಾಡು ಮುಗಿಯಿತು. ಮೌಶಿ ನನ್ನ ಕಣ್ಣೆದುರೇ ಶಟ್‌ಡೌನ್ ಒತ್ತಿ, "ನೋಡಿದಿಲ್ಲೋ?" ಎಂಬಂತೆ ನನ್ನನ್ನೊಮ್ಮೆ ದಿಟ್ಟಿಸಿ, ರೊಟ್ಟಿಯ ಹಂಚು ಕಾಯಿಸಲು ಅಡುಗೆಮನೆಗೆ ಹೋದಳು. ನಾನು ಮೂಲೆಯಲ್ಲಿ ಚಹಾದ ಬಟ್ಟಲು ಹಿಡಿದು ಕೂತಿದ್ದೆ. ಹಳೆಯ ಯಂತ್ರ, ಮುಚ್ಚಿಕೊಳ್ಳಲು ಅದಕ್ಕೆ ಪುರುಸೊತ್ತು ಬೇಕು. ಡಬ್ಬದೊಳಗಿನ ಫ್ಯಾನು ಗರಗರ ತಿರುಗುತ್ತಲೇ ಇತ್ತು.

ಆಯಿ ಆ ಸದ್ದನ್ನು ಕೇಳುತ್ತಿದ್ದಳು. ಒಂದು ಗಳಿಗೆ ಅಡುಗೆಮನೆಯ ಕಡೆ ನೋಡಿದಳು, ಯಾರೂ ಬರಲಿಲ್ಲ. ಮೆಲ್ಲಗೆ ಮಂಚದಿಂದ ಇಳಿದು, ಗೋಡೆ ಹಿಡಿದುಕೊಂಡು ಬಂದು, ಟೇಬಲ್ಲಿನ ಪಕ್ಕದ ಸ್ವಿಚ್ ಬೋರ್ಡಿನ ಗುಂಡಿಯನ್ನು ಟಕ್ಕನೆ ಒತ್ತಿದಳು. ಫ್ಯಾನು ಉಸಿರು ಬಿಟ್ಟು ನಿಂತಿತು. ಆಯಿ ಸೆರಗಿನಿಂದ ಟೇಬಲ್ಲಿನ ಮೇಲೆ, ಡಬ್ಬದ ಸುತ್ತ ದುಂಡಗೆ ಒರೆಸಿದಳು. ಅಲ್ಲಿ ಧೂಳೂ ಇರಲಿಲ್ಲ, ಹಿಟ್ಟಂತೂ ಇರಲೇ ಇಲ್ಲ. ಕುರ್ಚಿಯ ಮೇಲಿದ್ದ ಬಟ್ಟೆಯನ್ನು ತೆಗೆದು ಡಬ್ಬಕ್ಕೆ ಹೊದಿಸಿ, ಅದರ ನಾಲ್ಕೂ ಅಂಚುಗಳನ್ನು ಒಳಕ್ಕೆ ಸಿಕ್ಕಿಸಿದಳು. ನಾನು ಚಹಾ ಕುಡಿಯುವುದನ್ನು ಮರೆತು ನೋಡುತ್ತಿದ್ದೆ.

"ಆಯಿ, ಯಾಕ ಬಂದ್ ಮಾಡಿದ್ರಿ?"

ಇದೂ ಗೊತ್ತಿಲ್ಲವೇ ಎಂಬಂತೆ ಅವಳು ನನ್ನನ್ನು ನೋಡಿದಳು. "ಕಾಳ ಮುಗದಾವಲ್ಲವಾ. ಆಕಿನೂ ಎದ್ದ ಹ್ವಾದ್ಲು. ಬರಿಗಲ್ಲ ತಿರಗಬಾರದು, ಮನಿಗೆ ಚಲೋ ಅಲ್ಲ."

ಕಾಳಿಲ್ಲದ ಕಲ್ಲನ್ನು ತಿರುಗಿಸಬಾರದೆಂದು ನಮ್ಮ ಅವ್ವನೂ ಹೇಳುತ್ತಿದ್ದಳು. ಚಿಕ್ಕವರಿದ್ದಾಗ ಆಟಕ್ಕೆಂದು ಬರಿಗಲ್ಲು ತಿರುಗಿಸಿ ಬೆನ್ನಿಗೆ ಗುದ್ದು ತಿಂದದ್ದು ನೆನಪಿದೆ.

ಅಡುಗೆಮನೆಗೆ ಹೋಗಿ ಮೌಶಿಗೆ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು.

"ಮಳಿ ಹಿಡದಾಗಿಂದ ಅವರು ಗುಂಡಿ ಬಂದ್ ಮಾಡೂದು ನನಗ ಗೊತ್ತಿತ್ತು. ಎಲ್ಲಾ ಮುಗದ ಮ್ಯಾಲ ಬಂದ್ ಮಾಡತಾರ ಅಂತ ತಿಳದಿದ್ನಿ. ತಪಾಸಣಿ ನಡದ ದಿನಾನೂ ನಾ ಬಸ್ಸಿಗೆ ಹ್ವಾದ ಮ್ಯಾಲ ಹಿಂಗ ಮಾಡಿರಬೇಕು. ಯಾರೂ ಹೇಳದನ ಅವರಷ್ಟಕ್ಕ ಮಾಡೂದು ಈಗ ಅದೊಂದ ಉಳದೈತಿ ನೋಡ. ಊಟಾ ಮಾಡಾಕ ಹೇಳಬೇಕು, ನೀರ ಕುಡಿಯಾಕ ಹೇಳಬೇಕು. ಇದೊಂದರೆ ನೆನಪಿಟ್ಟಾರಲ್ಲಾ ಅಂತ ನನಗ ಎಷ್ಟೋ ಸಮಾಧಾನ ಆಗಿತ್ತು."

ನನ್ನ ಕೈಯಲ್ಲಿ ಆಗಲೇ ಅಂಟುವ ಟೇಪು ಇತ್ತು. ಗುಂಡಿಯ ಮೇಲೆ ಅಡ್ಡ ಅಂಟಿಸಿದರೆ ಅಲ್ಲಿಗೆ ರಗಳೆ ಮುಗಿಯಿತು ಎಂದು ನನ್ನ ಲೆಕ್ಕ. ಇಲ್ಲವೇ ಬೋರ್ಡನ್ನು ಎತ್ತರಕ್ಕೆ ಏರಿಸಿದರಾಯಿತು. ಮೌಶಿ ಎರಡಕ್ಕೂ ಒಪ್ಪಲಿಲ್ಲ. "ಅವರ ಕೈ ಕಟ್ಟಬ್ಯಾಡ," ಎಂದಷ್ಟೇ ಅಂದಳು. ತಪಾಸಣೆ ನಿಲ್ಲಬೇಕಾದರೆ ಆ ಕೈ ನಿಲ್ಲಬೇಕು, ಕೈ ನಿಂತರೆ ಆಯಿಯಲ್ಲಿ ಉಳಿದ ಒಂದು ನೆನಪೂ ನಿಲ್ಲುತ್ತದೆ. ಟೇಪನ್ನು ಚೀಲಕ್ಕೆ ವಾಪಸು ಹಾಕಿಕೊಂಡು ಬೆಳಗಾವಿಗೆ ಹಿಂದಿರುಗಿದೆ. ದಾರಿಯುದ್ದಕ್ಕೂ ಯೋಚಿಸಿದೆ, ಏನೂ ಹೊಳೆಯಲಿಲ್ಲ. ಕೊನೆಗೆ ಆ ಒಂದು ಸಾಲಿನ ಆಜ್ಞೆಯನ್ನೇ ಹಾಕಿಸಿ, ವಾರಕ್ಕೊಮ್ಮೆ ನಾನೇ ಹೋಗಿ ತಪಾಸಣೆ ಮಾಡಿಬರುವುದು ಎಂದು ತೀರ್ಮಾನಿಸಿಕೊಂಡೆ.

ಅದರ ಅಗತ್ಯ ಬೀಳಲಿಲ್ಲ. ಎರಡು ದಿನ ಬಿಟ್ಟು ಮೌಶಿ ಫೋನು ಮಾಡಿದಳು. ದನಿಯಲ್ಲಿ ಕಿತಾಪತಿ ಮಾಡಿ ಗೆದ್ದ ಹುಡುಗಿಯ ಖುಷಿ.

"ಕಾಳಿಲ್ಲಂತ ಹೌದಿಲ್ಲೋ ಬಂದ್ ಮಾಡೂದು? ನಾ ಶಟ್‌ಡೌನ್ ಒತ್ತಿದ ಕೂಡ್ಲೆ ಡಬ್ಬಿ ಬಾಜುಕ ಒಂದ ಬಟ್ಟಲ ಜ್ವಾಳ ಇಟ್ಟ ಹೋಗತೀನಿ. ಇನ್ನಾ ಕಾಳ ಅದಾವ, ತಿರಗಲಿ ಅಂತ ಸುಮ್ಮ ಕುಂದರತಾರ. ಫ್ಯಾನ್ ನಿಂತ ಮ್ಯಾಲ ಬಂದು ಬಟ್ಟಲ ತಗೀತೀನಿ. ಆಗ ಎದ್ದ ಬಂದು ಗುಂಡಿ ಬಂದ್ ಮಾಡಿ, ಒರಸಿ, ಬಟ್ಟಿ ಹೊಚ್ಚತಾರ. ಇವತ್ತ ತಪಾಸಣಿ ಬಂದಿಲ್ಲ."

ನಾನು ಫೋನು ಹಿಡಿದುಕೊಂಡೇ ಜೋರಾಗಿ ನಕ್ಕೆ, ಆಫೀಸಿನವರೆಲ್ಲ ತಿರುಗಿ ನೋಡಿದರು. ಕಂಪ್ಯೂಟರು ರಿಪೇರಿಗೆ ಜೋಳ ಬಳಸಿದ್ದು ಬೆಳಗಾವಿ ಜಿಲ್ಲೆಯಲ್ಲಿ ಇದೇ ಮೊದಲಿರಬೇಕು ಎಂದೆ. ಆ ಮಳೆಗಾಲ ಮುಗಿದು ದೀಪಾವಳಿ ಕಳೆಯುವವರೆಗೂ ಕಂಪ್ಯೂಟರು ಒಂದು ದಿನವೂ ತಪಾಸಣೆಗೆ ಕೂರಲಿಲ್ಲ. ಅಣ್ಣ ಹೊಳೆ ದಾಟಿ ಈಚೆಗೆ ಬಂದ ಪದವೂ ಸಿಕ್ಕಿತು. ಅದು ಇದೆಯೆಂದು ಮೌಶಿಗೂ ಗೊತ್ತಿರಲಿಲ್ಲ.

ಚಳಿ ಬಿದ್ದ ಮೇಲೆ ಆಯಿ ಹಾಸಿಗೆ ಹಿಡಿದಳು. ಜ್ವರ ಬಂದು ಹೋಯಿತು, ಹೋಗುವಾಗ ಅವಳ ಕಾಲಿನ ಕಸುವನ್ನೂ ತೆಗೆದುಕೊಂಡು ಹೋಯಿತು. ಡಾಕ್ಟರು ವಯಸ್ಸಾಗಿದೆ ಎಂದರು, ಅದು ನಮಗೂ ಗೊತ್ತಿತ್ತು. ಮುಖವನ್ನು ಗೋಡೆಯ ಕಡೆ ಮಾಡಿ ಮಲಗಿದವಳು ಬೆಳಿಗ್ಗೆಯೂ ಯಾರನ್ನೂ ಗುರುತಿಸದಾದಳು. ನಾನು ಹೋಗಿ ಕರೆದರೆ ಕಣ್ಣು ಬಿಡುತ್ತಿದ್ದಳು, ಆ ಕಣ್ಣಲ್ಲಿ ನಾನು ಇರುತ್ತಿರಲಿಲ್ಲ. ಮೌಶಿ ಮಾತ್ರ ದಿನಾ ಬೆಳಿಗ್ಗೆ ಕಂಪ್ಯೂಟರು ಚಾಲೂ ಮಾಡಿ ಪದ ಹಚ್ಚುವುದನ್ನು ಬಿಡಲಿಲ್ಲ. ಸ್ಪೀಕರಿನ ಆಯಿ ಪದ ಎತ್ತಿ, ನಿಂತು, ಹಿಡಿಯುವವಳಿಗಾಗಿ ಕಾಯುತ್ತಿದ್ದಳು. ಮಂಚದ ಆಯಿ ಹಿಡಿಯುತ್ತಿರಲಿಲ್ಲ. ಹಿಡಿಯಲು ಬಾರದ ಮೌಶಿಯೇ ಆ ಜಾಗದಲ್ಲಿ ಎರಡು ನುಡಿ ಅನ್ನುತ್ತಿದ್ದಳಂತೆ. ಜೋಳದ ಬಟ್ಟಲು ಇಡುವ ಕೆಲಸ ಉಳಿದಿರಲಿಲ್ಲ. ಶಟ್‌ಡೌನ್ ಒತ್ತಿ ಒಳಗೆ ಹೋಗುವುದು, ಶಾಲೆಗೆ ಹೊರಡುವಾಗ ತಾನೇ ಗುಂಡಿ ಬಂದ್ ಮಾಡುವುದು, ಅಷ್ಟೆ. ಈಗ ತಪಾಸಣೆಯ ಕಾಟವಿಲ್ಲವಲ್ಲ ಎಂದು ನಾನೊಮ್ಮೆ ಸಮಾಧಾನಕ್ಕೆ ಅಂದೆ. "ಕಾಟ ಇದ್ದಿದ್ರ ಚಲೋ ಇತ್ತು," ಎಂದಳು.

ಸಂಕ್ರಮಣ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನಲ್ಲಿ ರೈಲು ದಾಟಲಿ ಎಂದು ಸ್ಕೂಟಿ ನಿಲ್ಲಿಸಿಕೊಂಡು ಕಾಯುತ್ತಿದ್ದಾಗ ಫೋನು ಬಂತು. ಇಷ್ಟು ಬೆಳಿಗ್ಗೆ ಮೌಶಿಯ ಹೆಸರು ನೋಡಿ ಗಡಬಡಿಸಿ ಎತ್ತಿದೆ.

"ತಪಾಸಣಿ ಬಂದೈತಿ," ಎಂದಳು ಮೌಶಿ.

"ಏನ ಬಂದೈತಿ?"

"ಚಾಲೂ ಮಾಡಿದ್ನಿ. ಕರೇ ಪರದೆ, ಬಿಳೇ ಅಕ್ಷರ. ಚೆಕ್ಕಿಂಗ್ ನಡಸೈತಿ."

"ಕರೆಂಟ್ ಹೋಗಿತ್ತೇನು ನಿನ್ನೆ?"

"ಇಲ್ಲ. ನಿನ್ನೆ ನಾ ಸಾಲಿಗೆ ಹೊಂಡೂ ಗಡಿಬಿಡ್ಯಾಗ ಇದ್ನಿ. ಗುಂಡಿ ಆಗಲೇ ಬಂದ್ ಇತ್ತು. ಬಾಜು ಮನಿ ಬಾಯಿ ಮಾಡಿರಬೇಕಂತ ಸುಮ್ಮನಾದ್ನಿ. ಈಗ ಕೇಳಿದ್ನಿ, ಆಕಿ ಮುಟ್ಟೇ ಇಲ್ಲಂತ. ಇವತ್ತ ಬಟ್ಟಿ ತಗ್ಯಾಕ ಹೋದರ ಬರವಲ್ದು. ನಾಕೂ ಅಂಚ ಒಳಗ ಸಿಗಸಿದ್ದುವು."

ರೈಲು ಗೇಟು ದಾಟಿ ಹೋಯಿತು. ಹಿಂದಿನವರು ಹಾರ್ನು ಬಾರಿಸತೊಡಗಿದರು. ನಾನು ಸ್ಕೂಟಿಯನ್ನು ಬದಿಗೆ ತಳ್ಳಿಕೊಂಡು ನಿಂತೆ.

"ಕೀ ಒತ್ತಬ್ಯಾಡ ಮೌಶಿ. ಪೂರ್ತಿ ಆಗಲಿ ಅದು."

"ಯಾಕ ಒತ್ತಲಿ? ಇವತ್ತ ನಂದಗಡದ ಬಸ್ ಹೋದರ ಹೋಗಲಿ."

ಇಬ್ಬರೂ ಫೋನು ಇಡಲಿಲ್ಲ. ಮೌಶಿ ನಡುನಡುವೆ ಪರದೆಯ ಮೇಲಿನ ಪರ್ಸೆಂಟನ್ನು ಓದಿ ಹೇಳುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ. ಒಂದು ಸಲ ಅವಳು ಓದುವುದನ್ನು ನಿಲ್ಲಿಸಿದಳು. ಮಂಚ ಕಿರುಗುಟ್ಟಿದ ಸದ್ದು ನನಗೂ ಕೇಳಿಸಿತು. ಆಮೇಲೆ ಫೋನಿನಿಂದ ದೂರದಲ್ಲಿ, ಒಡಕು ಗಂಟಲಿನ, ಸ್ವಲ್ಪ ಸಿಟ್ಟಿನ ದನಿ.

"ಆಕಿ ಇನ್ನಾ ಬಂದಿಲ್ಲೇನು?"